ತರಗತಿ ಶುರುವಾಗುವ ಮೊದಲೇ ಅರ್ಜಿ ತಲುಪಲಿ

ಪ್ರಶ್ನೆ: ಮಗಳಿಗೆ ಡಿಸ್ಲೆಕ್ಸಿಯಾ (ಓದು, ಬರಹ ಕಷ್ಟವಾಗುವ ಕಲಿಕಾ ತೊಂದರೆ) ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚುವರಿ ಸಮಯ ಸಿಕ್ಕಿತ್ತು. ಈಗ ಬಿ.ಕಾಂ. ಸೇರುತ್ತಿದ್ದಾಳೆ. ಆ ಸೌಲಭ್ಯ ತಾನಾಗಿಯೇ ಮುಂದುವರಿಯುತ್ತದೆಯೇ? – ಓದುಗರು, ಹಾವೇರಿ

ಉತ್ತರ: ಇಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಮೊದಲು ಅಂಗವೈಕಲ್ಯ ಪ್ರಮಾಣಪತ್ರದ ದಿನಾಂಕ ನೋಡಿ. ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ವರ್ಗಕ್ಕೆ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕು. 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಪದವಿಗೆ ಸೇರುವವರು ಎಡವುವುದು ಇಲ್ಲೇ. ಹೈಸ್ಕೂಲಿನಲ್ಲಿ ಮಾಡಿಸಿದ ಕಾಗದವನ್ನೇ ಕೊಡುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಅದು ವಾಪಸು ಬರುತ್ತದೆ. 18 ತುಂಬದಿದ್ದರೆ ಹಳೆಯದನ್ನೇ ಲಗತ್ತಿಸಿ, ಹೊಸದನ್ನು ಮುಂದೆ ಸಲ್ಲಿಸುವುದಾಗಿ ಬರೆಯಿರಿ. ಖಾಸಗಿ ಮನಶ್ಶಾಸ್ತ್ರಜ್ಞರ ವರದಿಯೊಂದೇ ಸಾಲದು. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು. ಪರೀಕ್ಷೆಗಳು ಒಂದೇ ದಿನಕ್ಕೆ ಮುಗಿಯದಿರಬಹುದು, ಪ್ರವೇಶದ ರಸೀದಿಗೆ ಕಾಯದೆ ಹೊರಡಿ.

ಅರ್ಜಿ ಪ್ರಾಂಶುಪಾಲರಿಗೆ, ಅದರ ಒಂದು ಪ್ರತಿ ಸಮಾನ ಅವಕಾಶ ಕೋಶಕ್ಕೆ (ಇಂಥ ವಿದ್ಯಾರ್ಥಿಗಳ ನೆರವಿಗಿರುವ ವಿಭಾಗ). ಸಂಯೋಜಿತ ಕಾಲೇಜಾದರೆ ಸೆಮಿಸ್ಟರ್ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ. ಹಾಗಾಗಿ ಅರ್ಜಿಯನ್ನು ಮೌಲ್ಯಮಾಪನ ಕುಲಸಚಿವರಿಗೆ ಕಳಿಸಿಕೊಡುವಂತೆ ಅದರಲ್ಲೇ ಕೋರಿ. ಕಾಲೇಜಿನ ಕಡತದಲ್ಲೇ ಉಳಿದುಹೋದ ಅರ್ಜಿಗಳು ಎಷ್ಟೋ! ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ನಿಮ್ಮ ಕೈಯಲ್ಲಿರಲಿ.

‘ಅಗತ್ಯ ಸಹಾಯ ನೀಡಿ’ ಎಂದು ಬರೆದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯದು. ಹೀಗೆ ಬರೆಯಿರಿ: ‘ಗಂಟೆಗೆ 20 ನಿಮಿಷದಂತೆ, 3 ಗಂಟೆಯ ಪರೀಕ್ಷೆಗೆ 60 ನಿಮಿಷ ಹೆಚ್ಚುವರಿ ಸಮಯ. ಆಂತರಿಕ ಪರೀಕ್ಷೆಗಳಿಗೂ ಇದೇ ಲೆಕ್ಕ. ಭಾಷಾ ಪತ್ರಿಕೆ ಬಿಟ್ಟು ಉಳಿದವುಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಡಿತ ಬೇಡ. ಸ್ಲೈಡುಗಳು ಪಾಠದ ಹಿಂದಿನ ದಿನ ಸಿಗಲಿ. ತರಗತಿಯಲ್ಲಿ ಎದ್ದು ನಿಂತು ಓದಲು ಹೇಳಬಾರದು.’ ಹೆಚ್ಚುವರಿ ಸಮಯ ನಿಯಮದಲ್ಲೇ ಇದೆ. ಉಳಿದವು ಕಾಲೇಜಿನೊಂದಿಗೆ ಮಾತಾಡಿ ಪಡೆಯಬೇಕಾದವು. ಕೊನೆಯದನ್ನು ಸಣ್ಣದೆಂದು ಬಿಡಬೇಡಿ. ಈ ಮಕ್ಕಳು ತರಗತಿಗೆ ಹೋಗಲು ಹೆದರುವುದು ಬಹುಪಾಲು ಅದಕ್ಕೇ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ. ಕನ್ನಡ ಎಂ.ಎ. ಸೇರಿದ್ದೇನೆ. ಹಿರಿಯರು ಕೊಟ್ಟ ನೋಟ್ಸ್ ತೆರೆದರೆ ಎನ್‌ವಿಡಿಎ (ಪರದೆಯ ಪಠ್ಯ ಓದಿ ಹೇಳುವ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ. – ಓದುಗರು, ಧಾರವಾಡ

ಉತ್ತರ: ಅದು ಹಳೆಯ ನುಡಿ ಅಥವಾ ಬರಹ ಫಾಂಟಿನ ಕಡತ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅವನ್ನು ಕನ್ನಡದ ರೂಪದಲ್ಲಿ ತೋರಿಸುತ್ತದಷ್ಟೆ. ಯುನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸಂಕೇತವಿರುವ ವ್ಯವಸ್ಥೆ) ಪರಿವರ್ತಿಸಿದರೆ ಸರಿಯಾಗುತ್ತದೆ. ಪಿಡಿಎಫ್ ಬದಲು ಮೂಲ ವರ್ಡ್ ಕಡತ ಕೇಳಿ, ಪಿಡಿಎಫ್‌ನಿಂದ ನಕಲಿಸಿದ ಪಠ್ಯ ಅಸ್ತವ್ಯಸ್ತವಾಗುತ್ತದೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರಿಂದ ನೋಡಿಸಿ, ತಪ್ಪು ನುಸುಳುವುದು ಅಲ್ಲೇ. ಪುಸ್ತಕ ಸ್ಕ್ಯಾನ್ ಮಾಡಿಸುವುದಾದರೆ 300 ಡಿಪಿಐ ಇರಲಿ, ಪುಟ ಬಾಗಿರಬಾರದು. ಆಮೇಲೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವುದು) ಮಾಡಿಸಿ. ‘ಕಾಪಿರೈಟ್ ಇದೆ’ ಎಂದು ಗ್ರಂಥಾಲಯದವರು ಹಿಂಜರಿದರೆ, ಅಂಗವಿಕಲರ ಓದಿಗಾಗಿ ಪ್ರತಿ ಮಾಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆಯೆಂದು ತಿಳಿಸಿ. ದೃಷ್ಟಿ ಇಲ್ಲದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲೂ ಹುಡುಕಿ. ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ವಿಭಾಗದಿಂದ ಈಗಲೇ ಪಡೆಯಿರಿ.

ಪ್ರಶ್ನೆ: ಬರೆಯುವಾಗ ಕೈ ಸೆಟೆದುಕೊಳ್ಳುತ್ತದೆ. 40% ಅಂಗವೈಕಲ್ಯ ಇಲ್ಲದೆ ಲಿಪಿಕಾರರನ್ನು (ನಾವು ಹೇಳಿದ ಉತ್ತರ ಬರೆದುಕೊಡುವವರನ್ನು) ಕೊಡುವುದಿಲ್ಲ ಎನ್ನುತ್ತಾರೆ. – ಓದುಗರು, ತುಮಕೂರು

ಉತ್ತರ: 40% ಬೇಕಾಗುವುದು ಸೀಟು ಮೀಸಲಾತಿಗೆ. ಲಿಪಿಕಾರರ ಸೌಲಭ್ಯಕ್ಕೆ ಅದನ್ನೇ ಷರತ್ತಾಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ವಿಕಾಸ್ ಕುಮಾರ್ ಪ್ರಕರಣದಲ್ಲಿ, ಹೇಳಿತು. ಅವರದೂ ನಿಮ್ಮಂಥದ್ದೇ ತೊಂದರೆ. ಇದನ್ನನುಸರಿಸಿ 2022ರ ಆಗಸ್ಟ್ 10ರಂದು ಕೇಂದ್ರದ ಮಾರ್ಗಸೂಚಿ ಬಂತು. ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ನಮೂನೆಯಲ್ಲೇ ಸರ್ಕಾರಿ ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರ ಪಡೆಯಿರಿ. ಒಬ್ಬರೇ ವೈದ್ಯರ ಚೀಟಿ ನಡೆಯದು. 2022ರ ಮಾರ್ಗಸೂಚಿಯಂತೆ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ 6 ತಿಂಗಳು, ಹಾಗಾಗಿ ಪರೀಕ್ಷೆಯ ದಿನಾಂಕ ಅದರೊಳಗೆ ಬರುವಂತೆ ಮಾಡಿಸಿಕೊಳ್ಳಿ. ಸಹಪಾಠಿಯನ್ನು ಲಿಪಿಕಾರರೆಂದು ಸೂಚಿಸಬೇಡಿ, ಲಿಪಿಕಾರರ ವಿದ್ಯಾರ್ಹತೆ ನಿಮ್ಮದಕ್ಕಿಂತ ಕಡಿಮೆ ಇರಬೇಕು. ಆಮೇಲೂ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು, ಅದರೊಂದಿಗೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.