ನಾಲಿಗೆಗೆ ಕಹಿ ಹತ್ತಿದ ಚೀಟಿ

ಪ್ರಶ್ನೆ: ದೇವರಾಯನದುರ್ಗಕ್ಕೆ ಹೋಗಿದ್ದಾಗ ಗೆಳೆಯನೊಬ್ಬ ‘ಎಲ್‌ಎಸ್‌ಡಿ’ (ಭ್ರಮೆ ಹುಟ್ಟಿಸುವ ಮಾದಕ ವಸ್ತು) ಅಂತ ಉಗುರಿನಷ್ಟಗಲದ ಬಣ್ಣದ ಕಾಗದ ತಂದಿದ್ದ. ನಾಲಿಗೆ ಮೇಲಿಟ್ಟವನು ಕಹಿ ಅಂತ ಉಗಿದುಬಿಟ್ಟ. ನಾಲಿಗೆ ಜೋಮು ಹಿಡಿದಂತಾಯಿತಂತೆ. ಅದು ಹಳೇ ಮಾಲೇ, ಕಲಬೆರಕೆಯೇ?
— ಹಾಸ್ಟೆಲ್ ವಿದ್ಯಾರ್ಥಿ, ತುಮಕೂರು

ಉತ್ತರ: ಉಗಿದದ್ದೇ ಒಳ್ಳೆಯದಾಯಿತು. ಎಲ್‌ಎಸ್‌ಡಿಗೆ ಹೇಳಿಕೊಳ್ಳುವಂಥ ರುಚಿಯೇ ಇಲ್ಲ. ಕಹಿ, ಲೋಹದ ರುಚಿ, ಜೋಮು ಒಟ್ಟಿಗೆ ಬಂದರೆ ಮೊದಲು ಸಂಶಯಪಡಬೇಕಾದದ್ದು ಎಲ್‌ಎಸ್‌ಡಿ ಹೆಸರಲ್ಲಿ ಮಾರುವ ಎನ್‌ಬೋಮ್ ಗುಂಪಿನ ರಾಸಾಯನಿಕಗಳನ್ನು. ಹಾಗಂತ ಕಹಿಯಿಲ್ಲದ ಚೀಟಿ ಸುರಕ್ಷಿತ ಅಂತಲ್ಲ.

2ಸಿ-ಐ ಎಂಬ ಅಮಲಿನ ವಸ್ತುವಿನ (ಫೆನೆಥೈಲಮೈನ್ ಜಾತಿಯದು) ಸಾರಜನಕಕ್ಕೆ ಮೆಥಾಕ್ಸಿ ಹೊತ್ತ ಬೆಂಜೈಲ್ ಗುಂಪೊಂದು ಅಂಟಿಕೊಂಡರೆ 25ಐ-ಎನ್‌ಬೋಮ್. 2003ರ ಸುಮಾರಿಗೆ ಬರ್ಲಿನ್‌ನಲ್ಲಿ ಮಿದುಳಿನಲ್ಲಿ ಸಂದೇಶ ಒಯ್ಯುವ ಸಿರೊಟೋನಿನ್‌ನ ಗ್ರಾಹಕಗಳ ಅಧ್ಯಯನಕ್ಕೆಂದು ಹುಟ್ಟಿದ ವಸ್ತು ಇದು. ಮನುಷ್ಯರಿಗೆ ಕೊಡಲೆಂದು ಯಾರೂ ಮಾಡಿದ್ದಲ್ಲ. 2010ರ ಹೊತ್ತಿಗೆ ಬೀದಿಗೆ ಬಂತು. 2015ರಲ್ಲಿ ವಿಶ್ವಸಂಸ್ಥೆಯ ನಿಷೇಧಿತ ಪಟ್ಟಿಗೂ ಸೇರಿತು.

ಇದೇ ಯಾಕೆ ಚೀಟಿಗೆ ಬರುತ್ತದೆ? ಉಗುರಗಲದ ಕಾಗದ ಹತ್ತಾರು ಮಿಲಿಗ್ರಾಂ ಹೊರಲಾರದು. 2ಸಿ-ಐ ಅಮಲೇರಿಸಲು ಅಷ್ಟು ಬೇಕು, ಎನ್‌ಬೋಮ್‌ಗೆ ಒಂದು ಮಿಲಿಗ್ರಾಂ ಕೂಡ ಬೇಡ. ಪುಡಿ ಉಪ್ಪಿನ ಒಂದು ಹರಳೇ ಸುಮಾರು 0.06 ಮಿಲಿಗ್ರಾಂ ತೂಗುತ್ತದೆ; ಹದಿನೈದು ಹರಳಿನಷ್ಟು ಪುಡಿಯಲ್ಲಿ ಆಸ್ಪತ್ರೆ ಸೇರುವಷ್ಟು ವಿಷವಿರುತ್ತದೆ. ಮೇಲಾಗಿ ಹಾಳೆಯಲ್ಲಿ ಔಷಧ ಸಮನಾಗಿ ಹರಡಿರುವುದಿಲ್ಲ. ಕಾಗದಕ್ಕೆ ಬಿದ್ದ ಕಾಫಿ ಡಿಕಾಕ್ಷನ್ ಒಣಗಿದಾಗ ಅಂಚು ಕಪ್ಪಾಗಿ ನಡುವೆ ತೆಳುವಾಗುವುದನ್ನು ನೋಡಿದ್ದೀರಲ್ಲ, ಇಲ್ಲೂ ಹಾಗೆಯೇ. ಒಂದೇ ಹಾಳೆಯ ಎರಡು ಚೀಟಿ ತಿಂದವರಲ್ಲಿ ಒಬ್ಬ ನಗುತ್ತ ಕೂತಿರುತ್ತಾನೆ, ಇನ್ನೊಬ್ಬನಿಗೆ ಫಿಟ್ಸ್ ಬಂದಿರುತ್ತದೆ.

ಎಲ್‌ಎಸ್‌ಡಿ 5-ಎಚ್‌ಟಿ2ಎ ಎಂಬ ಸಿರೊಟೋನಿನ್ ಗ್ರಾಹಕವನ್ನು ಅರ್ಧಂಬರ್ಧ ಕೆರಳಿಸಿದರೆ, ಎನ್‌ಬೋಮ್ ಬಹುಮಟ್ಟಿಗೆ ಪೂರ್ತಿ ಕೆರಳಿಸುತ್ತದೆ. ರಕ್ತನಾಳದ ಗೋಡೆಯಲ್ಲೂ ಅದೇ ಗ್ರಾಹಕವಿದೆ. ಹಾಗಾಗಿ ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇನ್ನೊಂದು ವಸ್ತು, ಬ್ರೋಮೋ-ಡ್ರಾಗನ್‌ಫ್ಲೈ, ಇದೇ ಬಿಗಿತದಿಂದ ಬೆರಳು, ಕೈಕಾಲು ಕೊಳೆತು ಕತ್ತರಿಸುವ ಸ್ಥಿತಿಗೆ ತಂದಿದೆ. ಅದರ ಅಮಲು ಏರುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ‘ಏನೂ ಆಗಲಿಲ್ಲ’ ಅಂತ ಇನ್ನೊಂದು ನುಂಗುವುದು ಅಲ್ಲಿಯೇ.

ಪ್ರಶ್ನೆ: ನಂದಿಬೆಟ್ಟದ ಹತ್ತಿರ ನಮ್ಮದೊಂದು ಹೋಂಸ್ಟೇ. ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಅಮಲಿನ ಚೀಟಿ ತಿಂದು ರಾತ್ರಿ ಬಟ್ಟೆ ಕಿತ್ತೆಸೆದು ಗೋಡೆಗೆ ಗುದ್ದತೊಡಗಿದ. ನಾಲ್ಕು ಜನ ಹಿಡಿದು ಬೋರಲು ಹಾಕಿ ಅದುಮಿದೆವು, ಮಜ್ಜಿಗೆ ಕುಡಿಸಿದೆವು. ಪುಣ್ಯಕ್ಕೆ ಬದುಕಿದ. ಮಾಡಿದ್ದು ಸರಿಯೇ?
— ಚಿಕ್ಕಬಳ್ಳಾಪುರ

ಉತ್ತರ: ಎರಡೂ ತಪ್ಪು, ಬೇಸರಪಡಬೇಡಿ. ಇಂಥವರನ್ನು ಕೊಲ್ಲುವುದು ಹೆಚ್ಚಾಗಿ ಮೈಯ ಬಿಸಿ. ಬೋರಲು ಅದುಮಿದರೆ ಉಸಿರು ಕಟ್ಟುತ್ತದೆ; ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಸ್ನಾಯು ಬಿಸಿಯಾಗಿ ಒಡೆಯುತ್ತದೆ, ಅದರ ಪ್ರೋಟೀನು ರಕ್ತಕ್ಕಿಳಿದು ಮೂತ್ರಪಿಂಡ ಕೆಡಿಸುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಆಗ. ಪ್ರಜ್ಞೆ ಮಸುಕಾದವನ ಬಾಯಿಗೆ ಮಜ್ಜಿಗೆ, ನಿಂಬೆರಸ, ಉಪ್ಪುನೀರು ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗಬಹುದು. ವಾಂತಿ ಮಾಡಿಸಿ ಪ್ರಯೋಜನವಿಲ್ಲ. ಚೀಟಿಯ ಔಷಧ ಆಗಲೇ ಬಾಯಿಯ ಒಳಪದರದಿಂದ ರಕ್ತ ಸೇರಿರುತ್ತದೆ.

ಮುಂದೆ ಹೀಗಾದರೆ ಮೊದಲು 108ಕ್ಕೆ ಕರೆ ಮಾಡಿ. ಸ್ಪೀಕರ್ ನಿಲ್ಲಿಸಿ, ದೀಪ ಮಂದ ಮಾಡಿ, ಗುಂಪು ಚದುರಿಸಿ, ಅವನಿಗೆ ಗುರುತಿರುವ ಒಬ್ಬರೇ ಮೆಲ್ಲಗೆ ಮಾತಾಡಲಿ. ಮೆಟ್ಟಿಲು, ಬಾಲ್ಕನಿ, ಕೆರೆ, ಬಂಡೆಯ ಕಡೆ ಹೋಗದಂತೆ ದಾರಿ ಅಡ್ಡಗಟ್ಟಿ ಸಾಕು. ಮೈ ಸುಡುತ್ತಿದ್ದರೆ ಒದ್ದೆ ಟವೆಲ್ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು ಫ್ಯಾನ್ ಹಾಕಿ. ಕಂಬಳಿ ಹೊದಿಸಬೇಡಿ, ಬೆಟ್ಟದ ಚಳಿ ನಿಮಗೆ, ಅವನಿಗಲ್ಲ. ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ. ಫಿಟ್ಸ್ ಬಂದರೆ ಬಾಯಿಗೆ ಚಮಚ ಇಡಬೇಡಿ, ಕೈಗೆ ಬೀಗದ ಕೈ ಕೊಡುವುದೂ ಬೇಡ. ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡಿ. ಉಸಿರು ನಿಂತರೆ ಎದೆ ಒತ್ತಲು ಶುರುಮಾಡಿ, ನಿಮಿಷಕ್ಕೆ 100ರಿಂದ 120 ಸಲ.

ಉಳಿದ ಚೀಟಿಯನ್ನು ಬರಿಗೈಯಲ್ಲಿ ಮುಟ್ಟದೆ ಲಕೋಟೆಗೆ ಹಾಕಿ ವೈದ್ಯರಿಗೆ ಕೊಡಿ. ಎಷ್ಟು ಗಂಟೆಗೆ, ಎಷ್ಟು, ಜತೆಗೆ ಮದ್ಯ ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಲೊರಾಜೆಪಾಮ್‌ನಂಥ ಔಷಧವನ್ನು ನರಕ್ಕೆ ಕೊಟ್ಟು ಶಾಂತಗೊಳಿಸಿ, ಮೈ ತಣಿಸಿ, ಡ್ರಿಪ್ ಹಾಕಿ, ಇಸಿಜಿ, ಸಿಕೆ (ಸ್ನಾಯು ಒಡೆದದ್ದರ ಸುಳಿವು), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ), ಪೊಟ್ಯಾಶಿಯಂ ನೋಡುತ್ತಾರೆ. ಅದೇ ಗುಂಪಿನ ನಿದ್ರೆಮಾತ್ರೆ ಮನೆಯಲ್ಲಿದೆ ಅಂತ ನೀವೇ ಕೊಡಬೇಡಿ.

ಪ್ರಶ್ನೆ: ಮಗನ ಮೇಲೆ ಅನುಮಾನ. ಮೆಡಿಕಲ್ ಶಾಪಿನ ಮೂತ್ರ ಪರೀಕ್ಷೆ ಕಿಟ್‌ನಲ್ಲಿ ‘ನೆಗೆಟಿವ್’ ಬಂತು. ನಂಬಲೇ?
— ಕೋಲಾರ

ಉತ್ತರ: ಗಾಂಜಾ, ಅಫೀಮಿನ ವರ್ಗ, ಆಂಫೆಟಮಿನ್, ಕೊಕೇನ್ ಮಟ್ಟಿಗೆ ಅದರ ಮಾತಿಗೆ ಸ್ವಲ್ಪ ಬೆಲೆ ಕೊಡಿ. ಎನ್‌ಬೋಮ್ ಅದರ ಕಣ್ಣಿಗೆ ಬೀಳದು. ಎಲ್‌ಎಸ್‌ಡಿ ಪತ್ತೆಹಚ್ಚುವ ಪಟ್ಟಿಯೂ ಸಾಮಾನ್ಯ ಕಿಟ್‌ಗಳಲ್ಲಿ ಇರುವುದಿಲ್ಲ. ಹಿಡಿಯಲು ಮಾಸ್ ಸ್ಪೆಕ್ಟ್ರೋಮೀಟರ್ (ಅಣುವಿನ ತೂಕದಿಂದ ವಸ್ತು ಗುರುತಿಸುವ ಯಂತ್ರ) ಇರುವ ಲ್ಯಾಬ್ ಬೇಕು, ಅಲ್ಲೂ ಏನು ಹುಡುಕಬೇಕೆಂದು ಗೊತ್ತಿರಬೇಕು. ಹುಡುಗರು ಹೇಳುವ, ಚೀಟಿಯ ಮೇಲೆ ಹನಿಸಿ ನೋಡುವ ಎರ್ಲಿಕ್ ದ್ರಾವಣ ಎಲ್‌ಎಸ್‌ಡಿಗೆ ನೇರಳೆಯಾಗುತ್ತದೆ, ಎನ್‌ಬೋಮ್‌ಗೆ ಆಗುವುದಿಲ್ಲ. ಪ್ರಮಾಣ ಮಾತ್ರ ಅದೂ ಹೇಳದು.

ಇನ್ನೊಂದು ಕಿಟ್ ತರುವ ಬದಲು ಅವನನ್ನು ಕೂರಿಸಿಕೊಂಡು ಮಾತಾಡಿ. ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ವಿಭಾಗವಿದೆ. ಕೇಸಿನ ಭಯವಿದ್ದರೆ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ತಡೆ ಕಾನೂನು) 64ಎ ಕಲಮನ್ನು ವಕೀಲರಿಂದ ಓದಿಸಿ: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. ಎಲ್‌ಎಸ್‌ಡಿಗೆ ಆ ‘ಅಲ್ಪ’ ಎಂದರೆ ಬರೀ 2 ಮಿಲಿಗ್ರಾಂ.