ಟೋಕಿಯೋ ಹೋಟೆಲಿನಲ್ಲಿ ಟಿಪ್ಸ್ ಕೊಡಬೇಕೇ?

ಟೋಕಿಯೋದ ಐಷಾರಾಮಿ ಹೋಟೆಲಿನಲ್ಲಿ ಸಾಮಾನು ಹೊರುವವರಿಗೆ, ಕೋಣೆ ಶುಚಿ ಮಾಡುವವರಿಗೆ ಎಷ್ಟು ಟಿಪ್ಸ್ ಕೊಡಬೇಕೆಂದು ಕೇಳಿದ್ದೀರಿ. ಕೊಡುವ ಅಗತ್ಯವೇ ಇಲ್ಲ. ಅಂಥ ಹೋಟೆಲುಗಳು ಸಾಮಾನ್ಯವಾಗಿ ಬಾಡಿಗೆಯ ಮೇಲೆ ಶೇಕಡಾ 10ರಿಂದ 15ರಷ್ಟು ಸೇವಾ ಶುಲ್ಕವನ್ನೂ, ಅದರ ಮೇಲೆ ಶೇಕಡಾ 10ರ ಬಳಕೆ ತೆರಿಗೆಯನ್ನೂ ಸೇರಿಸುವುದರಿಂದ, ಬುಕ್ ಮಾಡುವಾಗ ಕಾಣುವ ದರ ಇವೆರಡನ್ನೂ ಒಳಗೊಂಡಿದೆಯೇ ಎಂದು ನೋಡಿಕೊಳ್ಳುವುದು ಹೆಚ್ಚು ಮುಖ್ಯ. ಹೊರಡುವ ದಿನ ನಾನು ದಿಂಬಿನ ಬಳಿ ಇಟ್ಟು ಬಂದ 1,000 ಯೆನ್ ನೋಟನ್ನು, ಮರೆತು ಬಿಟ್ಟದ್ದೆಂದು ತಿಳಿದು, ಹೋಟೆಲಿನವರು ಲಕೋಟೆಯಲ್ಲಿಟ್ಟು ಲಾಬಿಯವರೆಗೆ ತಂದು ಎರಡೂ ಕೈಗಳಿಂದ ಮರಳಿಸಿದರು, ಮುಜುಗರವಾದದ್ದು ನನಗೇ. ಕ್ಯೋಟೋಗೂ ಹೋಗುವುದಾದರೆ, ಅಲ್ಲಿ 2026ರ ಮಾರ್ಚ್‌ನಿಂದ ತಲಾ ಬಾಡಿಗೆ ರಾತ್ರಿಗೆ 1,00,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಬ್ಬೊಬ್ಬರಿಗೂ ರಾತ್ರಿಗೆ 10,000 ಯೆನ್ ವಾಸ್ತವ್ಯ ತೆರಿಗೆ ಬೀಳುತ್ತದೆ.