ಹಾಡು ತೆಗೆದರೆ ಕಥೆ ನಿಂತೀತೇ?

ಮಾನ್ಯರೇ,

ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ಮೊಮ್ಮಗಳ ಶಾಲೆಯ ಮಕ್ಕಳು ಆಡಿದ ‘ಫಿಡ್ಲರ್ ಆನ್ ದ ರೂಫ್’ ಸಂಗೀತನಾಟಕವನ್ನು ನೋಡಿ ನೀವು ಬರೆದ ದೀರ್ಘ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಪ್ರಶ್ನೆಗಳಿವೆ. ಮಾತಿನ ನಡುವೆ ಹಾಡುವುದು ನಮ್ಮ ಕಂಪನಿ ನಾಟಕಗಳಲ್ಲಿ ಮೊದಲಿನಿಂದಲೂ ಇದ್ದದ್ದೇ ಆಗಿರುವಾಗ ಅಮೆರಿಕದವರು ಅದನ್ನು ತಮ್ಮ ಸ್ವಂತ ಕಲೆಯೆಂದು ಹೇಳಿಕೊಳ್ಳುವುದು ಹೇಗೆ ಎಂಬುದು ಮೊದಲನೆಯದು. ಹಾಡುಗಳನ್ನೆಲ್ಲ ತೆಗೆದರೂ ಆ ಬಡ ಹಾಲುಮಾರುವವನ ಕಥೆ ನಿಲ್ಲುತ್ತದಲ್ಲ, ಹಾಗಾದರೆ ಹಾಡುಗಳ ಹೆಚ್ಚುಗಾರಿಕೆಯೇನು ಎಂಬುದು ಎರಡನೆಯದು. ಸೂರಿನ ಮೇಲೆ ಕುಳಿತು ಒಂದು ಮಾತೂ ಆಡದೆ ಪಿಟೀಲು ಬಾರಿಸುವವನು ಯಾರು ಎಂಬುದು ಕೊನೆಯದು.

ಎರಡನೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನಾನು ಒಪ್ಪದಿರುವುದು ಅದೊಂದನ್ನೇ. ಮನೆಗೆಲಸದ ನಡುವೆ ಆ ಹಾಲುಮಾರುವ ತೇವ್ಯೆಯ ಹೆಣ್ಣುಮಕ್ಕಳು, ಸಂಬಂಧ ಕುದುರಿಸುವ ಹೆಂಗಸು ತಮಗೊಬ್ಬ ಒಳ್ಳೆಯ ಗಂಡನ್ನು ತರಲಿ ಎಂದು ಹಾಡುವ ದೃಶ್ಯವನ್ನು ನೆನಪಿಸಿಕೊಳ್ಳಿ. ಚಿಕ್ಕವರಿಬ್ಬರೂ ಕನಸು ಕಾಣುತ್ತಲೇ ಹಾಡನ್ನು ಎತ್ತಿಕೊಳ್ಳುತ್ತಾರೆ. ಹಿರಿಯಳು ಆ ಹೆಂಗಸಿನ ವೇಷ ಕಟ್ಟಿ, ವಯಸ್ಸಾದ ಗಂಡು, ಕುಡಿದು ಹೊಡೆಯುವ ಗಂಡು, ವರದಕ್ಷಿಣೆಯಿಲ್ಲದ ಮನೆಗೆ ಬರುವ ಗಂಡು ಎಂಥವನಿರುತ್ತಾನೆಂದು ಅಣಕಿಸಿ ತೋರಿಸುತ್ತಾಳೆ. ಕೊನೆಯ ಚರಣ ಬರುವ ಹೊತ್ತಿಗೆ ಮಟ್ಟು ಅದೇ ಇದ್ದರೂ ಹುಡುಗಿಯರು ಬೇಡುತ್ತಿರುವುದು ಬೇರೆಯೇ: ಅವಸರ ಬೇಡ, ನಮಗೆ ಗಂಡು ಹುಡುಕಬೇಡ. ಮದುವೆಗೆ ಹಂಬಲಿಸುತ್ತಿದ್ದವರು ಮದುವೆಗೆ ಹೆದರುವವರಾದದ್ದು ಆ ಹಾಡಿನ ಒಳಗೇ ಹೊರತು ಅದರ ಮುಂಚಿನ ಮಾತಿನಲ್ಲೂ ಅಲ್ಲ, ನಂತರದ ಮಾತಿನಲ್ಲೂ ಅಲ್ಲ. ಹಾಡು ತೆಗೆದರೆ ಈ ಬದಲಾವಣೆಯೇ ಹೋಗುತ್ತದೆ. ಮುಂದೆ ಮೂವರೂ ಒಬ್ಬೊಬ್ಬರಾಗಿ ತಮಗೆ ಬೇಕಾದವರನ್ನು ಆರಿಸಿಕೊಳ್ಳುವುದಕ್ಕೆ ಆಧಾರವೂ ಉಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ಉದಾಹರಣೆ, ನಿಮ್ಮ ಅಳಿಯನವರು ಕಣ್ಣೊರೆಸಿಕೊಂಡರೆಂದು ನೀವು ಬರೆದ ಆ ಗಂಡಹೆಂಡಿರ ಹಾಡು. ಮಗಳು ಪ್ರೀತಿಸಿ ಮದುವೆಯಾಗುವೆನೆಂದದ್ದನ್ನು ಕೇಳಿ ಕಲಕಿಹೋದ ತೇವ್ಯೆ, ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಮೊದಲ ಬಾರಿಗೆ ‘ನಿನಗೆ ನನ್ನ ಮೇಲೆ ಪ್ರೀತಿ ಇದೆಯೇ’ ಎಂದು ಕೇಳುತ್ತಾನೆ. ಬಟ್ಟೆ ಒಗೆದಿದ್ದೇನೆ, ಅಡುಗೆ ಮಾಡಿದ್ದೇನೆ, ಹಸು ಕರೆದಿದ್ದೇನೆ ಎಂದು ಅವಳು ರೇಗುತ್ತಲೇ ಲೆಕ್ಕ ಒಪ್ಪಿಸುತ್ತಾಳೆ, ಮತ್ತು ಆ ಲೆಕ್ಕವೇ ಉತ್ತರವೆಂಬುದು ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯುತ್ತದೆ. ಬರಿಯ ಮಾತಿನಲ್ಲಿ ಆ ದಂಪತಿಗಳು ಇದನ್ನು ಆಡಿಕೊಳ್ಳಲಾರರು, ಸಂಕೋಚ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಬಿಡುತ್ತದೆಯೇ?

ಹಾಡಿಗೆ ಇಂಥ ಕೆಲಸ ಹಚ್ಚುವ ಕಲೆ ಅಮೆರಿಕದವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರ ಸಂಗೀತನಾಟಕದ ಆರಂಭವೆಂದು ಸಾಮಾನ್ಯವಾಗಿ ಹೇಳುವುದು 1866ರಲ್ಲಿ ನ್ಯೂಯಾರ್ಕಿನ ನಿಬ್ಲೋಸ್ ಗಾರ್ಡನ್ ರಂಗಮಂದಿರದಲ್ಲಿ ತೆರೆಕಂಡ ‘ದ ಬ್ಲ್ಯಾಕ್ ಕ್ರೂಕ್’ ಅನ್ನು. ಪ್ಯಾರಿಸ್ಸಿನಿಂದ ಕರೆಸಿದ್ದ ನರ್ತಕಿಯರ ತಂಡವೊಂದು ಆಡಬೇಕಿದ್ದ ರಂಗಮಂದಿರ ಬೆಂಕಿಗೆ ಆಹುತಿಯಾದ್ದರಿಂದ, ಆ ನೃತ್ಯಗಳನ್ನು ಒಂದು ಮಂತ್ರವಾದಿಯ ನಾಟಕಕ್ಕೆ ಹೊಲಿದರೆಂದು ಅದರ ಕಥೆ. ಮೊದಲ ರಾತ್ರಿ ಅದು ಐದು ಗಂಟೆಗೂ ಮೀರಿ ನಡೆಯಿತು. 474 ಪ್ರದರ್ಶನಗಳನ್ನೂ ಕಂಡಿತು. ನಾಟಕವಾಗಿ ಅದು ಅಷ್ಟೇನೂ ಗಟ್ಟಿಯಲ್ಲ. ಆ ಬಳಿಕದ ದಶಕಗಳಲ್ಲಿ ಯೂರೋಪಿನ ಆಪರೆಟ್ಟಾ ಎಂಬ ಲಘು ಸಂಗೀತನಾಟಕಗಳು, ಬಗೆಬಗೆಯ ಆಟಗಳನ್ನು ಪೋಣಿಸಿದ ವಾಡ್‌ವಿಲ್‌ನ ಹಾಸ್ಯದ ತುಣುಕುಗಳು, ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ನಾಚಿಕೆಗೇಡಿನ ಮಿನ್ಸ್ಟ್ರಲ್ ಪ್ರದರ್ಶನಗಳು, ಹಾಗೆ ಅಣಕಕ್ಕೆ ಗುರಿಯಾದ ಅದೇ ಜನರು ಕೊಟ್ಟ ರ್‍ಯಾಗ್‌ಟೈಮ್ ಮತ್ತು ಜಾಝ್ ಸಂಗೀತ ಎಲ್ಲವೂ ನ್ಯೂಯಾರ್ಕಿನ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ಕಲೆತವು.

ತಿರುವು ಬಂದದ್ದು 1927ರ ಡಿಸೆಂಬರಿನಲ್ಲಿ, ಜೆರೋಮ್ ಕರ್ನ್ ಸಂಗೀತ ನೀಡಿ ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ‘ಶೋ ಬೋಟ್’ನಿಂದ. ಮಿಸಿಸಿಪ್ಪಿ ನದಿಯಲ್ಲಿ ಊರೂರು ಸುತ್ತುವ ನಾಟಕದ ಹಡಗೊಂದರ ಕಥೆ ಅದು. ಜೂಲಿ ಎಂಬ ನಟಿ ತನಗೆ ಪ್ರಿಯವಾದ ಹಾಡೊಂದನ್ನು ಹಾಡುವಾಗ, ಇದು ಕಪ್ಪು ಜನರು ಮಾತ್ರ ಬಲ್ಲ ಹಾಡಲ್ಲವೇ, ನಿಮಗೆ ಹೇಗೆ ಗೊತ್ತು ಎಂದು ಕಪ್ಪು ಅಡುಗೆಯಾಕೆ ಬೆರಗಾಗುತ್ತಾಳೆ. ಬಿಳಿಯಳೆಂದು ಎಲ್ಲರೂ ತಿಳಿದಿದ್ದ ಜೂಲಿಯ ಜನ್ಮರಹಸ್ಯ ಆ ಒಂದು ಹಾಡಿನಿಂದ ಬಯಲಾಗತೊಡಗುತ್ತದೆ. ಬಿಳಿಯನೊಂದಿಗಿನ ಅವಳ ಮದುವೆ ಆ ನಾಡಿನ ಕಾನೂನಿನಲ್ಲಿ ಅಪರಾಧ. ಶೆರೀಫ್ ಬರುವ ಮುನ್ನ ಅವಳ ಗಂಡ ಅವಳ ಬೆರಳನ್ನು ಕೊಯ್ದು ರಕ್ತ ಹೀರಿ, ತನ್ನಲ್ಲೂ ಈಗ ಕಪ್ಪು ರಕ್ತವಿದೆ ಎಂದು ವಾದಿಸುತ್ತಾನೆ. ಹಾಡು ಇಲ್ಲಿ ಅಲಂಕಾರವಲ್ಲ, ಸಾಕ್ಷಿ.

ಹ್ಯಾಮರ್‌ಸ್ಟೈನ್ ರಿಚರ್ಡ್ ರಾಜರ್ಸ್ ಜೊತೆ ಸೇರಿ 1943ರಲ್ಲಿ ಕೊಟ್ಟ ‘ಓಕ್ಲಹೋಮ!’ ಈ ದಾರಿಯನ್ನು ಹೆದ್ದಾರಿ ಮಾಡಿತು. ನರ್ತಕಿಯರ ಸಾಲಿನೊಂದಿಗೆ ತೆರೆ ಏಳುತ್ತಿದ್ದ ಕಾಲದಲ್ಲಿ ಇಲ್ಲಿ ತೆರೆ ಎದ್ದಾಗ ಕಂಡದ್ದು ಒಬ್ಬಳೇ ಕುಳಿತು ಬೆಣ್ಣೆ ಕಡೆಯುತ್ತಿರುವ ಹಿರಿಯ ಹೆಂಗಸು. ರಂಗದ ಹೊರಗಿನಿಂದ, ವಾದ್ಯಗಳ ನೆರವಿಲ್ಲದೆ, ಬೆಳಗನ್ನು ಹೊಗಳುವ ಗಂಡಸಿನ ದನಿ. ಇನ್ನೊಂದು ಸಂಗತಿ ನಮ್ಮ ರಂಗಗೀತೆಗಳನ್ನು ಬಲ್ಲ ನಿಮಗೆ ಹಿಡಿಸೀತು. ಅಲ್ಲಿಯವರೆಗೆ ರಾಜರ್ಸ್ ಮೊದಲು ಮಟ್ಟು ಹಾಕುತ್ತಿದ್ದರು, ಜೊತೆಗಾರ ಲೊರೆನ್ಜ್ ಹಾರ್ಟ್ ಅದಕ್ಕೆ ಪದ ಕೂರಿಸುತ್ತಿದ್ದರು. ಹ್ಯಾಮರ್‌ಸ್ಟೈನ್ ಬಂದ ಮೇಲೆ ಪದ ಮೊದಲು, ಮಟ್ಟು ಆಮೇಲೆ. ಪಾತ್ರದ ಬಾಯಿಗೆ ಒಪ್ಪುವ ಮಾತು ಮುಂದಾಗಿ ನಿಂತು ಸ್ವರ ಅದನ್ನು ಹಿಂಬಾಲಿಸಿತು. ಆ ನಾಟಕ 2,212 ಪ್ರದರ್ಶನಗಳನ್ನು ಕಂಡಿತು.

ಇಲ್ಲಿ ನಿಮ್ಮ ಮೊದಲ ಪ್ರಶ್ನೆಗೆ ಬರಬಹುದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲೇ ಮರಾಠಿಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ್ದರು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆದ್ದರಿಂದ ಹಾಡುವ ನಾಟಕದ ಹಕ್ಕು ಅಮೆರಿಕಕ್ಕೆ ಸೇರಿದ್ದೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ನಮ್ಮಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ, ಆಗತಾನೇ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿತ್ತೆಂದು ಹಿರಿಯರು ನಗುತ್ತ ನೆನೆಯುವುದನ್ನು ನೀವೂ ಕೇಳಿರುತ್ತೀರಿ. ಅಲ್ಲಿ ಕಥೆ ಗಾಯನಕ್ಕೆ ದಾರಿ ಬಿಡುತ್ತಿತ್ತು. ಅದು ದೋಷವಲ್ಲ, ಆ ರಂಗಭೂಮಿಯ ಸುಖವೇ ಅದು. ಬ್ರಾಡ್‌ವೇ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಹಾಡನ್ನಲ್ಲ, ಹಾಡು ಮುಗಿದಾಗ ಪಾತ್ರ ಮೊದಲಿನಂತೆ ಉಳಿದಿರಬಾರದು ಎಂಬ ಹಟವನ್ನು.

ಆ ಹಟವೂ ಎಲ್ಲ ಕಾಲಕ್ಕೂ ಉಳಿಯಲಿಲ್ಲವೆಂಬುದನ್ನು ಒಪ್ಪಬೇಕು. ಸ್ವೀಡನ್ನಿನ ಪಾಪ್ ಗಾಯಕರ ‘ಅಬ್ಬಾ’ ತಂಡದ ಹಳೆಯ ಹಾಡುಗಳ ಸುತ್ತ ಹೆಣೆದ ‘ಮಮ್ಮಾ ಮಿಯಾ!’, ಲಂಡನ್ನಿನಿಂದ 2001ರಲ್ಲಿ ಬ್ರಾಡ್‌ವೇಗೆ ಬಂದು ಹಲವು ವರ್ಷ ತುಂಬಿದ ಮನೆಗೆ ಆಡಿತು. ಅಲ್ಲಿ ಮಟ್ಟಿಗೆ ಪದವನ್ನಲ್ಲ, ಕಥೆಯನ್ನೇ ಕೂರಿಸಿದ್ದಾರೆ. ನಿಮ್ಮ ಆಕ್ಷೇಪ ಅಂಥ ನಾಟಕಗಳಿಗೆ ಸಲ್ಲುತ್ತದೆ.

‘ಎಲ್ಲಿಯದೋ ರಷ್ಯಾದ ಹಳ್ಳಿ, ಆದರೆ ನಮ್ಮ ಜಗಲಿಯಲ್ಲೇ ಕುಳಿತಂತಿತ್ತು’ ಎಂದು ಬರೆದಿದ್ದೀರಿ. ಹಾಗೆನಿಸಿದ್ದು ನಿಮಗೊಬ್ಬರಿಗೇ ಅಲ್ಲ. ನಾಟಕದ ಸಂಭಾಷಣೆ ಬರೆದ ಜೋಸೆಫ್ ಸ್ಟೈನ್ ಅದರ ಜಪಾನೀ ಪ್ರಯೋಗಕ್ಕೆಂದು ಟೋಕಿಯೊಗೆ ಹೋಗಿದ್ದಾಗ, ಇಷ್ಟು ಜಪಾನೀ ಆದ ನಾಟಕ ಅಮೆರಿಕದವರಿಗೆ ಅರ್ಥವಾಗುತ್ತದೆಯೇ ಎಂದು ಅಲ್ಲಿನ ನಿರ್ಮಾಪಕರು ಕೇಳಿದ್ದನ್ನು ಹೇಳಿಕೊಳ್ಳುತ್ತಿದ್ದರು. ಸಂಗೀತ ನೀಡಿದ ಜೆರ್ರಿ ಬಾಕ್, ಹಾಡು ಬರೆದ ಶೆಲ್ಡನ್ ಹಾರ್ನಿಕ್, ನಿರ್ದೇಶಿಸಿದ ಜೆರೋಮ್ ರಾಬಿನ್ಸ್ ಎಲ್ಲರೂ ಸ್ಟೈನ್‌ರಂತೆಯೇ ಯಹೂದಿ ಮನೆತನಗಳವರು. ಅವರಿಗೂ ಮುಂಚೆ ಬ್ರಾಡ್‌ವೇಯ ಹಾಡಿಗೆ ರೂಪು ಕೊಟ್ಟ ಅರ್ವಿಂಗ್ ಬರ್ಲಿನ್ ಐದರ ಹುಡುಗನಾಗಿ ತ್ಸಾರ್ ದೊರೆಯ ರಷ್ಯಾದಿಂದ ಹಡಗೇರಿ ಬಂದವರು. ಅವರಂತೆಯೇ ಹಾಡು ಕಟ್ಟಿದ ಗೆರ್ಶ್ವಿನ್ ಸೋದರರ ತಂದೆತಾಯಿ ಬಂದದ್ದೂ ಅಲ್ಲಿಂದಲೇ. ತೇವ್ಯೆಯ ಅನಾತೆವ್ಕದಂಥ ಊರುಗಳಿಂದ ಹೊರಬಿದ್ದವರ ಮಕ್ಕಳು ಕಟ್ಟಿ ಬೆಳೆಸಿದ ಕಲೆ, 1964ರಲ್ಲಿ ಆ ಊರನ್ನೇ ರಂಗಕ್ಕೆ ತಂದಿತು. ತಾಲೀಮಿಗೆ ಮುನ್ನ ರಾಬಿನ್ಸ್ ಈ ನಾಟಕ ಯಾವುದರ ಬಗ್ಗೆ ಎಂದು ಕೇಳುತ್ತಲೇ ಇದ್ದರಂತೆ. ಹಾಲುಮಾರುವವನ ಹೆಣ್ಣುಮಕ್ಕಳ ಮದುವೆಯ ಬಗ್ಗೆ ಎಂಬ ಉತ್ತರ ಅವರಿಗೆ ಸಾಲಲಿಲ್ಲ. ಸಂಪ್ರದಾಯವೊಂದು ಕರಗುವುದರ ಬಗ್ಗೆ ಎಂಬ ಉತ್ತರ ಸಿಕ್ಕ ಬಳಿಕ ಹುಟ್ಟಿದ್ದೇ ಇಡೀ ಊರು ಸೇರಿ ಹಾಡುವ ಮೊದಲ ಹಾಡು.

ಇನ್ನು ಪಿಟೀಲಿನವನು. ಆ ಚಿತ್ರ ಬಂದದ್ದು ಮಾರ್ಕ್ ಶಗಾಲ್ ಎಂಬ ಚಿತ್ರಕಾರರ ಕುಂಚದಿಂದ. ತಮ್ಮ ಬಾಲ್ಯದ ಯಹೂದಿ ಊರನ್ನು ಬರೆಯುವಾಗ ಅವರು ಪಿಟೀಲು ಹಿಡಿದವನನ್ನು ಸೂರುಗಳ ಮೇಲೆ ನಿಲ್ಲಿಸುತ್ತಿದ್ದರು. ಜಾರುವ ಸೂರಿನ ಮೇಲೆ ಕತ್ತು ಮುರಿದುಕೊಳ್ಳದೆ ಒಂದು ರಾಗ ನುಡಿಸುವುದೇ ನಮ್ಮ ಬಾಳು ಎಂದು ತೇವ್ಯೆ ಆರಂಭದಲ್ಲೇ ಹೇಳುತ್ತಾನಲ್ಲ, ಆ ಮಾತಿಗೆ ಅವನು ಆಕಾರ. ಅವನ ಬಾಯಿಂದ ಮಾತು ಬರುವುದಿಲ್ಲ, ತೇವ್ಯೆಯ ಹೊರತು ಅವನನ್ನು ಯಾರೂ ಮಾತಾಡಿಸುವುದೂ ಇಲ್ಲ. ಮೊಮ್ಮಗಳ ನಾಟಕದ ವಿಡಿಯೊ ಮನೆಯಲ್ಲಿದ್ದರೆ ಕೊನೆಯ ಎರಡು ನಿಮಿಷವನ್ನು ಮತ್ತೊಮ್ಮೆ ನೋಡಿ. ಅಧಿಕಾರಿಗಳು ಊರು ಬಿಡಿಸಿದ್ದಾರೆ, ತೇವ್ಯೆ ಗಾಡಿಯನ್ನು ತಾನೇ ಎಳೆದುಕೊಂಡು ಹೊರಟಿದ್ದಾನೆ. ಹಿಂದೆ ಅದೇ ರಾಗ ಕೇಳಿಸಿ ನಿಲ್ಲುತ್ತಾನೆ, ತಿರುಗಿ ನೋಡಿ ಬಾ ಎಂದು ತಲೆಯಾಡಿಸುತ್ತಾನೆ. ಪಿಟೀಲಿನವನು ವಾದ್ಯವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಾಡಿಯ ಹಿಂದೆ ನಡೆಯುತ್ತಾನೆ.

ಸಂಪಾದಕ